ಇಪ್ಪತ್ತೆಂಟು ನಿಮಿಷ ಮುಂದಿದ್ದ ಗಡಿಯಾರ: ಒಕ್ಬುನ್ ಅಜ್ಜಿ ಕಾಣೆಯಾದ ಬಗ್ಗೆ ತಾಕ್ ಬೊರಾಮ್ ಕೊಟ್ಟ ಹೇಳಿಕೆ

ಹೆಸರು: ತಾಕ್ ಬೊರಾಮ್. ಹೆಣ್ಣು, ವಯಸ್ಸು 36 ವರ್ಷ. ಕಸುಬು: ಮದುವೆಗಳ ವಿಡಿಯೊ ತೆಗೆದು ಸಂಕಲನ ಮಾಡಿಕೊಡುವುದು. ವಾಸ: ದಾನ್‌ಗ್ಯೆ ಬಡಾವಣೆ, ವೊಂಜು ನಗರ, ಗಾಂಗ್‌ವೊನ್ ಪ್ರಾಂತ್ಯ.

ದಿನಾಂಕ 22-11-2025ರ ಶನಿವಾರ ವೊಂಜುವಿನ ಮಿರುನೆ ಮದುವೆ ಭವನದಿಂದ ಪಿ ಒಕ್ಬುನ್ ಎಂಬ 84 ವರ್ಷದ ವೃದ್ಧೆ ಕಾಣೆಯಾದ ಬಗ್ಗೆ, ಮತ್ತು ಅವರನ್ನು ನೋಡಿಕೊಳ್ಳುವ ಹೊ ಚುನ್‌ಹ್ವಾ ಎಂಬ ಹೆಂಗಸಿನ ಮೇಲೆ ಬಂದ ದೂರಿನ ಬಗ್ಗೆ ನಾನೇ ಠಾಣೆಗೆ ಬಂದು, ಕಂಡದ್ದನ್ನೂ ಮಾಡಿದ್ದನ್ನೂ ನಡೆದ ಕ್ರಮದಲ್ಲೇ ಹೇಳುತ್ತಿದ್ದೇನೆ.

ನಾನು ಹನ್ನೊಂದು ವರ್ಷದಿಂದ ಈ ಕೆಲಸದಲ್ಲಿದ್ದೇನೆ. ನನ್ನ ಜೊತೆ ಕ್ಯಾಮೆರಾ ಹಿಡಿಯುವವರು ಯೊಮ್ ಸಂಗ್ಜೆ, ವಯಸ್ಸು 52. ಸದರಿ ದಿನ ಮಧ್ಯಾಹ್ನ 12-30ರ ಮುಹೂರ್ತದ ಮದುವೆಗೆ ನಮ್ಮನ್ನು ಗೊತ್ತುಮಾಡಿದ್ದರು. ಮದುಮಗ ಮಾ ಯೂಚಾನ್, ಜೊಂಗ್‌ಸೊನ್ ಕಡೆಯವರು. ಒಕ್ಬುನ್ ಅಜ್ಜಿ ಮದುಮಗನ ತಂದೆಯ ತಾಯಿ. ಅವರ ಕಡೆಯ ನೆಂಟರೆಲ್ಲ ಬಾಡಿಗೆ ಬಸ್ಸಿನಲ್ಲಿ ಬೆಳಿಗ್ಗೆಯೇ ಬಂದಿಳಿದಿದ್ದರು. ಅಜ್ಜಿಗೆ ಮರೆವಿನ ಕಾಯಿಲೆ ಇದೆ ಎಂದು, ಆದ್ದರಿಂದ ಅವರ ಪಕ್ಕದಲ್ಲಿ ಸದಾ ಚುನ್‌ಹ್ವಾ ಇರುತ್ತಾರೆ ಎಂದು ಮದುಮಗನೇ ನನಗೆ ಮುಂಚಿತವಾಗಿ ತಿಳಿಸಿದ್ದ. ಚುನ್‌ಹ್ವಾ ಚೀನಾದ ಯಾನ್‌ಬಿಯಾನ್‌ನಿಂದ ಬಂದವರು, ನಮ್ಮ ಭಾಷೆಯನ್ನೇ ಆಡುವವರು, ವಯಸ್ಸು ಸುಮಾರು 59. ಮೂರು ವರ್ಷದಿಂದ ಅಜ್ಜಿಯ ಮನೆಯಲ್ಲೇ ಇದ್ದಾರೆ.

ನಾವು ಮೂರು ಕ್ಯಾಮೆರಾ ಬಳಸಿದೆವು. ಒಂದನೆಯದು ಯೊಮ್ ಅವರ ಕೈಯಲ್ಲಿ, ವೇದಿಕೆಯ ಮುಂದೆ. ಎರಡನೆಯದನ್ನು ವೇದಿಕೆಯ ಎಡಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅತಿಥಿಗಳ ಕಡೆ ತಿರುಗಿಸಿಟ್ಟಿದ್ದೆ. ಅದನ್ನು ಕೊನೆಯವರೆಗೂ ಯಾರೂ ಮುಟ್ಟಲಿಲ್ಲ. ಮೂರನೆಯದು ನನ್ನ ಕೈಯಲ್ಲಿ. ಪ್ರತಿ ಕ್ಯಾಮೆರಾದೊಳಗೂ ಒಂದು ಗಡಿಯಾರ ಇರುತ್ತದೆ, ಆದರೆ ಒಂದಕ್ಕೊಂದು ತಾಳೆಯಾಗುವುದಿಲ್ಲ. ಒಂದೇ ಮನೆಗೆ ಬಂದ ಮೂರು ಸೊಸೆಯರು, ಒಬ್ಬೊಬ್ಬಳದು ಒಂದೊಂದು ಹೊತ್ತು ಎಂದು ಯೊಮ್ ತಮಾಷೆ ಮಾಡುತ್ತಾರೆ. ಹಾಗಾಗಿ ಶುರುವಿಗೆ ಮೊದಲು ನನ್ನ ಫೋನಿನ ಗಡಿಯಾರವನ್ನು ಮೂರು ಕ್ಯಾಮೆರಾಕ್ಕೂ ತೋರಿಸಿ, ಮೂರಕ್ಕೂ ಕಾಣುವಂತೆ ಕೇಳುವಂತೆ ಒಂದು ಚಪ್ಪಾಳೆ ಹೊಡೆಯುತ್ತೇನೆ. ಆಮೇಲೆ ಕಂಪ್ಯೂಟರಿನಲ್ಲಿ ಮೂರು ಚಿತ್ರಗಳನ್ನೂ ಒಂದರ ಕೆಳಗೊಂದು ಹಾಸಿ, ಆ ಚಪ್ಪಾಳೆಯ ಸದ್ದು ಒಂದೇ ಗೆರೆಗೆ ಬರುವ ಹಾಗೆ ಎಳೆದು ಕೂರಿಸಿದರೆ ಮೂರೂ ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಆ ದಿನ ಚಪ್ಪಾಳೆ ಹೊಡೆದದ್ದು 12-20ಕ್ಕೆ. ಸದ್ದಿಗೆ ಬೆಚ್ಚಿದ ಮದುಮಗನಿಗೆ ಯೊಮ್ ಅವರು, 'ಈಗ್ಲೇ ಹೆದರಿಬಿಟ್ರೆ ಹೆಂಗಪ್ಪ, ಇನ್ನೂ ಮಾವ ಒಳಗೇ ಬಂದಿಲ್ಲ' ಎಂದರು.

ಮದುವೆ ಸಮಯಕ್ಕೆ ಸರಿಯಾಗಿ ಶುರುವಾಯಿತು. ಇಬ್ಬರು ತಾಯಂದಿರೂ ಕೈಕೈ ಹಿಡಿದು ಬಂದು ಮೇಣದಬತ್ತಿ ಹಚ್ಚಿದರು. ಮದುಮಗ, ನಂತರ ತಂದೆಯ ತೋಳು ಹಿಡಿದು ಮದುಮಗಳು ನಡೆದುಬಂದರು. ಒಕ್ಬುನ್ ಅಜ್ಜಿ ಮದುಮಗನ ಕಡೆಯ ಎರಡನೇ ಸಾಲಿನಲ್ಲಿ, ದಾರಿಯ ಅಂಚಿನ ಕುರ್ಚಿಯಲ್ಲಿ ಕೂತಿದ್ದರು. ಹಬ್ಬ ಮದುವೆಗೆ ಉಡುವ ನಮ್ಮ ಸಾಂಪ್ರದಾಯಿಕ ಉಡುಪು, ತಿಳಿನೀಲಿ ಹನ್‌ಬೊಕ್ ಉಟ್ಟಿದ್ದರು. ಮದುಮಗಳು ಹಾದುಹೋಗುವಾಗ ಅವಳ ಬಿಳಿ ಉಡುಪಿನ ಅಂಚು ಹಿಡಿದು ನೋಡಿ, ಬಟ್ಟೆ ಚೆನ್ನಾಗಿದೆ ಅನ್ನುವಂತೆ ತಲೆಯಾಡಿಸಿದರು. ಅದು ನನ್ನ ಕ್ಯಾಮೆರಾದಲ್ಲಿದೆ.

ಮದುಮಕ್ಕಳ ಪ್ರತಿಜ್ಞೆ ಮುಗಿದ ಮೇಲೆ ಮದುಮಗನ ನಾಲ್ವರು ಗೆಳೆಯರು ಹಾಡಲು ಎದ್ದರು. ಆಗ ನಾನು ಅವರನ್ನು ತೆಗೆಯುತ್ತಿದ್ದೆ. ಅತಿಥಿಗಳ ಕಡೆ ಏನಾಯಿತೆಂದು ನಾನು ಕಣ್ಣಾರೆ ನೋಡಿಲ್ಲ. ಹಾಡಿನ ಕೊನೆಗೆ ಅವರಲ್ಲಿ ಗಿಡ್ಡನೆಯವನು ಬಣ್ಣದ ಕಾಗದ ಹಾರಿಸುವ ಕೊಳವೆಯ ದಾರ ಎಳೆದ. ಅದು ಹಾರಲಿಲ್ಲ. ಇನ್ನೊಮ್ಮೆ ಎಳೆದ, ಹಾರಲಿಲ್ಲ. ಜನ ನಗತೊಡಗಿದಾಗ ಮೂರನೆಯ ಸಲಕ್ಕೆ ಢಬ್ಬೆಂದು ಹಾರಿ, ವೇದಿಕೆಯ ತುಂಬ ಚಿನ್ನದ ಬಣ್ಣದ ಕಾಗದ ಚೆಲ್ಲಿತು.

ಮದುವೆ 1 ಗಂಟೆಗೆ ಒಂದು ನಿಮಿಷ ಇರುವಾಗ ಮುಗಿಯಿತು. ಊಟದ ಹೊತ್ತಿನಲ್ಲಿ ತೋರಿಸಲು ಅಂದಿನ ಮದುವೆಯದೇ ಐದು ನಿಮಿಷದ ಚಿತ್ರ ಬೇಕೆಂದು ಮದುಮಕ್ಕಳು ಕೇಳಿದ್ದರು. ಆದ್ದರಿಂದ ಫೋಟೊ ತೆಗೆಸುವ ಜವಾಬ್ದಾರಿಯನ್ನು ಯೊಮ್ ಅವರಿಗೆ ಬಿಟ್ಟು, ನಾನು ಮೂರು ಕ್ಯಾಮೆರಾದ ಚಿತ್ರಗಳನ್ನೂ ತೆಗೆದುಕೊಂಡು ನೆಲಮಾಳಿಗೆಯ ಊಟದ ಹಾಲಿನ ಪಕ್ಕದ ಕೋಣೆಗೆ ಇಳಿದು, ಅವುಗಳನ್ನು ತಾಳೆ ಹಾಕಿ ಕತ್ತರಿಸುವುದರಲ್ಲಿ ಮುಳುಗಿದ್ದೆ. ಮೇಲೆ ನಡೆದ ಗಲಾಟೆ ನನಗೆ ಗೊತ್ತಾಗಲಿಲ್ಲ. ಚಿತ್ರ ಸಿದ್ಧವಾದ ಮೇಲೆ, ಸುಮಾರು 2 ಗಂಟೆಗೆ, ಯಾರೂ ಕರೆಯಲು ಬರಲಿಲ್ಲವಲ್ಲ ಎಂದು ನಾನೇ ಎರಡನೇ ಮಹಡಿಗೆ ಹತ್ತಿಹೋದೆ.

ಅಲ್ಲಿ ಭವನದ ಕಚೇರಿಯ ಬಾಗಿಲಲ್ಲಿ ಜನ ಸೇರಿದ್ದರು. ಮದುಮಗಳು ಹನ್‌ಬೊಕ್‌ಗೆ ಬದಲಾಯಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಏನಾಯಿತೆಂದು ಯೊಮ್ ಅವರನ್ನು ಕೇಳಿದೆ. ಅವರು ಹೇಳಿದ್ದೇನೆಂದರೆ, ಮನೆಯವರ ಫೋಟೊಗೆ ಎಲ್ಲರನ್ನೂ ಕರೆದಾಗ ಅಜ್ಜಿ ಇರಲಿಲ್ಲ. ಶೌಚಾಲಯ, ಊಟದ ಹಾಲು, ಮೆಟ್ಟಿಲು, ಪಕ್ಕದ ಅಂಗಡಿಗಳು, ಎಲ್ಲೂ ಸಿಗಲಿಲ್ಲ. ಹೊರಗೆ ಸೊನ್ನೆಗಿಂತ ಎರಡು ಡಿಗ್ರಿ ಕೆಳಗಿದೆ, ಅಜ್ಜಿಯ ಕೋಟು ಕುರ್ಚಿಯ ಮೇಲೇ ಇದೆ. ಪೊಲೀಸರಿಗೆ ಫೋನ್ ಮಾಡಿದರು, ಇಬ್ಬರು ಬಂದಿದ್ದಾರೆ.

ಬಂದವರಲ್ಲಿ ಈ ಹೇಳಿಕೆ ಬರೆದುಕೊಳ್ಳುತ್ತಿರುವ ಸೊನ್ ಮೇಡಂ ಒಬ್ಬರು. ಅವರ ಎದುರಿಗೆ ಮದುಮಗನ ದೊಡ್ಡಪ್ಪ, ಅಜ್ಜಿಯ ಹಿರಿಮಗ ಮಾ ದೊಕ್ಸು, ವಯಸ್ಸು 61, ಚುನ್‌ಹ್ವಾ ಅವರ ಮೇಲೆ ಹರಿಹಾಯುತ್ತಿದ್ದರು. ನನ್ನ ಕಿವಿಗೆ ಬಿದ್ದಷ್ಟನ್ನು ಹೇಳುತ್ತೇನೆ. 'ಅಮ್ಮನಿಗಿಂತ ನಿಂಗೆ ಮದುವೆಯೂಟದ ಮೂಳೆ ಸಾರು ಹೆಚ್ಚಾಯ್ತಾ? ಮೂರು ವರ್ಷ ಅನ್ನ ಹಾಕಿದ ಮನೆ ಇದು' ಎಂದರು. ಚುನ್‌ಹ್ವಾ ತಲೆ ತಗ್ಗಿಸಿಕೊಂಡೇ, 'ಯಜಮಾನ್ರೇ, ನೀವೇ ಹೋಗಿ ಉಣ್ಣು ಅಂದ್ರಿ, ನಾನು ಕೂತಿರ್ತೀನಿ ಅಂದ್ರಿ' ಎಂದು ಹೇಳಿದರು. ಅದಕ್ಕೆ ದೊಕ್ಸು, 'ಅಮ್ಮನ್ನ ಕರ್ಕೊಂಡು ಹೋಗಿ ಉಣ್ಣು ಅಂದೆ. ಮಾತು ತಿರುಚಬೇಡ' ಎಂದರು. ಆಮೇಲೆ ಮೇಡಂ ಕಡೆ ತಿರುಗಿ, ಬೇಕಂತಲೇ ಬಿಟ್ಟುಹೋದಳು ಎಂದು ದೂರು ಬರೆದುಕೊಳ್ಳಿ, ವೀಸಾ ಕೊಟ್ಟ ಕಚೇರಿಗೂ ತಿಳಿಸಿ ಎಂದರು. ಚುನ್‌ಹ್ವಾ ಅಜ್ಜಿಯ ಕೋಟನ್ನು ಎರಡೂ ಕೈಯಿಂದ ಎದೆಗೆ ಅವುಚಿಕೊಂಡು ನಿಂತಿದ್ದರು. ತೋಳಿನ ಒಳಗೆ ಕೈ ಹಾಕಿ ಅದನ್ನು ಸರಿಮಾಡುವುದು, ಮತ್ತೆ ಮಡಿಸುವುದು, ಇಷ್ಟನ್ನೇ ಮಾಡುತ್ತಿದ್ದರು.

ಕಚೇರಿಯ ಪರದೆಯ ಮೇಲೆ ಎರಡನೇ ಮಹಡಿಯ ಪಡಸಾಲೆಯ ಕಾವಲು ಕ್ಯಾಮೆರಾದ ಚಿತ್ರ ಓಡುತ್ತಿತ್ತು. ಅದರಲ್ಲಿ ಅಜ್ಜಿ ಒಬ್ಬರೇ ಪಡಸಾಲೆ ದಾಟಿ ಮೆಟ್ಟಿಲಿಳಿಯುವುದು ಸ್ಪಷ್ಟವಾಗಿ ಕಾಣುತ್ತದೆ. ಮೇಲೆ ಮೂಲೆಯಲ್ಲಿ ಸಮಯ 1-21 ಎಂದಿತ್ತು. ಕೆಳಗೆ ವಾಹನ ನಿಲ್ಲಿಸುವ ಜಾಗದಲ್ಲಿ ಕ್ಯಾಮೆರಾ ಕೆಟ್ಟಿತ್ತು. ಅಲ್ಲಿಯ ಕಾವಲುಗಾರರನ್ನು ಕೇಳಿದ್ದಕ್ಕೆ, 1-20ರ ನಂತರ ಹೊರಟದ್ದು ಚುಂಗ್‌ಜು ಕಡೆಯ ಬಾಡಿಗೆ ಬಸ್ಸು ಒಂದೇ ಎಂದಿದ್ದರಂತೆ. ಪೊಲೀಸರು ಆ ಬಸ್ಸನ್ನು ದಾರಿಯಲ್ಲೇ ನಿಲ್ಲಿಸಿ ನೋಡಿಸಿದ್ದರು. ನಾನು ಅಲ್ಲಿ ನಿಂತಿರುವಾಗಲೇ ಉತ್ತರ ಬಂತು. ಅಜ್ಜಿ ಅದರಲ್ಲಿ ಇರಲಿಲ್ಲ. ಹಾಗಾದರೆ ಕಾಲ್ನಡಿಗೆಯಲ್ಲೇ ಹೋಗಿದ್ದಾರೆ ಎಂದು ತೀರ್ಮಾನಿಸಿ, ಇನ್ನೊಬ್ಬ ಪೊಲೀಸರು ಹೊಳೆಯ ದಂಡೆಯ ಕಡೆ ಹುಡುಕಲು ಜನ ಕೇಳಿ ಫೋನ್ ಮಾಡತೊಡಗಿದರು.

ನಾನು ಪರದೆಯನ್ನೇ ನೋಡುತ್ತಿದ್ದೆ. ನೋಡಿದ್ದು ಅಜ್ಜಿಯನ್ನಲ್ಲ, ಪಡಸಾಲೆಯನ್ನು. 1-21 ಅಂದರೆ ಮನೆಯವರೆಲ್ಲ ಅಜ್ಜಿಯನ್ನು ಹುಡುಕುತ್ತ ಓಡಾಡುತ್ತಿದ್ದ ಹೊತ್ತು. ಆದರೆ ಆ ಚಿತ್ರದಲ್ಲಿ ಪಡಸಾಲೆ ಖಾಲಿ. ಕಾಣಿಕೆ ಲಕೋಟೆ ತೆಗೆದುಕೊಳ್ಳುವ ಮೇಜಿನ ಹಿಂದೆ ಇಬ್ಬರು ಕೂತಿದ್ದಾರೆ, ಅಷ್ಟೆ. ಇನ್ನೊಂದು ವಿಷಯ, ತಡವಾಗಿ ಬಂದವರು ಹೊರಗಿಂದಲೇ ನೋಡಲಿ ಎಂದು ಪಡಸಾಲೆಯ ಗೋಡೆಗೆ ಭವನದವರು ಒಂದು ದೊಡ್ಡ ಟಿವಿ ಹಾಕಿದ್ದಾರೆ. ಒಳಗೆ ನಡೆಯುವ ಮದುವೆ ಅದರಲ್ಲಿ ಆ ಕ್ಷಣಕ್ಕೇ ಕಾಣುತ್ತದೆ. ಕಾವಲು ಕ್ಯಾಮೆರಾದ ಚಿತ್ರದ ಬಲ ಅಂಚಿನಲ್ಲಿ ಆ ಟಿವಿ, ಬೆಂಕಿಪೊಟ್ಟಣದಷ್ಟು, ಬಿದ್ದಿತ್ತು. ಅದರಲ್ಲಿ ನಾಲ್ಕು ಕಪ್ಪು ಚುಕ್ಕೆಗಳು ಸಾಲಾಗಿ ನಿಂತು ತೂಗಾಡುತ್ತಿದ್ದವು. ಅವು ಹಾಡುತ್ತಿದ್ದ ಗೆಳೆಯರು.

ನಾನು ಸೊನ್ ಮೇಡಂಗೆ, ಈ ಗಡಿಯಾರ ಸುಳ್ಳು ಹೇಳುತ್ತಿದೆ ಎಂದೆ. ಭವನದ ವ್ಯವಸ್ಥಾಪಕರು ಕೂಡಲೇ, 'ಏನಮ್ಮಾ, ಹೋದ ವಾರ ಕರೆಂಟು ಹೋದ್ಮೇಲೆ ನಾನೇ ಸರಿಮಾಡಿದ್ದು' ಎಂದರು. ದೊಕ್ಸು ಅವರು, ವಿಡಿಯೊ ತೆಗೆಯೋಳು ವಿಡಿಯೊ ತೆಗೀಲಿ, ಇಲ್ಲಿ ನಮ್ಮ ಹೊತ್ತು ಹಾಳುಮಾಡೋದು ಬೇಡ ಎಂದರು. ಮೇಡಂ ಅವರನ್ನು ಸುಮ್ಮನಿರಲು ಹೇಳಿ, ಎಷ್ಟು ಹೊತ್ತು ಬೇಕು ಎಂದು ನನ್ನನ್ನು ಕೇಳಿದರು. ಹತ್ತು ನಿಮಿಷ ಎಂದೆ.

ಯೊಮ್ ಅವರು ಕೆಳಗಿನಿಂದ ನನ್ನ ಕಂಪ್ಯೂಟರನ್ನು ಎತ್ತಿಕೊಂಡು ಬಂದರು. ಮೂರು ಕ್ಯಾಮೆರಾಗಳನ್ನು ನಾನು ಆಗಲೇ ಕೂರಿಸಿಯಾಗಿತ್ತು. ಮೊದಲು ಎರಡನೇ ಕ್ಯಾಮೆರಾ, ಅಂದರೆ ಅತಿಥಿಗಳ ಕಡೆ ನೋಡುತ್ತಿದ್ದದ್ದನ್ನು ತೆರೆದೆ. ಅಜ್ಜಿ 12-52ಕ್ಕೆ ಕುರ್ಚಿಯಿಂದ ಏಳುತ್ತಾರೆ, ಪಕ್ಕದ ಬಾಗಿಲು ತಳ್ಳಿಕೊಂಡು ಹೋಗುತ್ತಾರೆ. ಅದಕ್ಕೆ ಮೇಡಂ, ಹಾಗಿದ್ದರೂ ಅರ್ಧ ಗಂಟೆ ಶೌಚಾಲಯದಲ್ಲಿ ಕೂತಿದ್ದು 1-21ಕ್ಕೆ ಹೊರಗೆ ಹೋಗಿರಬಹುದಲ್ಲ ಎಂದರು. ಆ ಪ್ರಶ್ನೆ ನ್ಯಾಯವಾಗಿತ್ತು. ಆದ್ದರಿಂದ ಕಾವಲು ಕ್ಯಾಮೆರಾವನ್ನು ನಾಲ್ಕನೆಯದಾಗಿ ಕೂರಿಸಬೇಕಾಯಿತು. ಅದಕ್ಕೆ ಸದ್ದಿಲ್ಲ, ಚಪ್ಪಾಳೆ ಅದರ ಕಿವಿಗೆ ಬೀಳುವುದಿಲ್ಲ. ಕಣ್ಣಿಂದಲೇ ಹೊಂದಿಸಬೇಕು. ಗೆಳೆಯರು ತೂಗಾಡುವುದು ಹಾಡಿನುದ್ದಕ್ಕೂ ಒಂದೇ ಥರ, ಅದರಿಂದ ಪ್ರಯೋಜನವಿಲ್ಲ. ಒಂದೇ ಒಂದು ಸಲ ನಡೆದ, ದೂರಕ್ಕೂ ಕಾಣುವ ಏನಾದರೂ ಬೇಕಿತ್ತು.

ಕಾವಲು ಕ್ಯಾಮೆರಾದ ಚಿತ್ರವನ್ನು ಒಂದೊಂದೇ ಚೌಕವಾಗಿ, ಅಂದರೆ ಒಂದೊಂದೇ ಫ್ರೇಮಾಗಿ, ಮುಂದಕ್ಕೆ ತಳ್ಳುತ್ತ ಹೋದೆ. ಒಂದು ಚೌಕದಲ್ಲಿ ಆ ಬೆಂಕಿಪೊಟ್ಟಣದ ಟಿವಿ ಇದ್ದಕ್ಕಿದ್ದಂತೆ ಹಳದಿಯಾಯಿತು. ಮೂರನೆಯ ಸಲಕ್ಕೆ ಹಾರಿದ ಚಿನ್ನದ ಕಾಗದ. ಯೊಮ್ ಅವರು ನನ್ನ ಹೆಗಲ ಮೇಲಿಂದ ಬಗ್ಗಿ, 'ಗಿಡ್ಡನ ಪಟಾಕಿ' ಎಂದರು. ನನ್ನ ಕ್ಯಾಮೆರಾದಲ್ಲಿ ಢಬ್ಬೆಂಬ ಸದ್ದಿನ ಗೆರೆಯನ್ನು ಹಳದಿಯಾದ ಆ ಚೌಕದ ಮೇಲೆ ತಂದು ಕೂರಿಸಿದೆ. ನಾಲ್ಕೂ ಒಟ್ಟಿಗೆ ಓಡಿಸಿದೆ. ಒಳಗೆ ಕಾಗದ ಚೆಲ್ಲಿತು, ಜನ ನಕ್ಕರು, ಅದೇ ನಗುವಿನ ನಡುವೆ ಹೊರಗಿನ ಚಿತ್ರದಲ್ಲಿ ತಿಳಿನೀಲಿ ಹನ್‌ಬೊಕ್ ಟಿವಿಯ ಮುಂದೆ ಹಾದು ಮೆಟ್ಟಿಲಿಗೆ ಇಳಿಯಿತು. ಫೋನಿನ ಗಡಿಯಾರದ ಲೆಕ್ಕಕ್ಕೆ ಆಗ 12-53. ಭವನದ ಗಡಿಯಾರ ಇಪ್ಪತ್ತೆಂಟು ನಿಮಿಷ ಮುಂದಿತ್ತು. ಕರೆಂಟು ಹೋಗಿಬಂದ ದಿನ ವ್ಯವಸ್ಥಾಪಕರು ಅಂದಾಜಿನ ಮೇಲೆ ಹಾಕಿದ್ದರೆಂದು ಆಮೇಲೆ ಅವರೇ ಒಪ್ಪಿಕೊಂಡರು.

ಅಂದರೆ ಇಷ್ಟೂ ಹೊತ್ತು ಎಲ್ಲರೂ ತಪ್ಪು ಬಸ್ಸಿನ ಹಿಂದೆ ಓಡಿದ್ದರು. ಮೇಡಂ ಮೆಟ್ಟಿಲಿಳಿದು ಓಡಿದರು, ನಾವೂ ಹಿಂದೆಯೇ ಹೋದೆವು. ವಾಹನದ ಜಾಗದ ಕಾವಲುಗಾರರನ್ನು, ಒಂದು ಗಂಟೆಗೆ ಸ್ವಲ್ಪ ಮುಂಚೆ ಯಾವ ಬಸ್ಸು ಹೋಯಿತು ಎಂದು ಕೇಳಿದರು. ಅವರು ಟೋಪಿ ತೆಗೆದು ತಲೆ ಕೆರೆದುಕೊಂಡು, 'ಆವಾಗ್ಲಾ? ಹನ್ನೊಂದರ ಮದುವೆಯೋರದು, ತೆಬೆಕ್ ಬಸ್ಸು. ಡ್ರೈವರು ಬಾಗಿಲಲ್ಲಿ ನಿಂತು ಸಂತೆಯಲ್ಲಿ ಕೂಗೋ ಹಾಗೆ ಕೂಗ್ತಿದ್ದ, ಯೆಮಿ, ಸಾಬುಕ್, ತೆಬೆಕ್, ಹತ್ತೋರೆಲ್ಲ ಹತ್ತಿ ಅಂತ. ನೀವು ಒಂದೂ ಇಪ್ಪತ್ತರ ಮೇಲೆ ಅಂತ ಕೇಳಿದ್ರಿ, ಅದಕ್ಕೆ ಹೇಳ್ಲಿಲ್ಲ' ಎಂದರು.

ಯೆಮಿ ಎಂಬ ಮಾತು ಕೇಳಿದ ಕೂಡಲೇ ಚುನ್‌ಹ್ವಾ ತಲೆಯೆತ್ತಿದರು. 'ಯೆಮಿ ಅವರ ತವರು' ಎಂದರು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, ದಿನಕ್ಕೆ ಒಂದು ಸಲವಾದರೂ ಅಜ್ಜಿ ಯೆಮಿಗೆ ಹೋಗಬೇಕು ಅಂತಾರೆ, ನಾಳೆ ಹೋಗೋಣ ಅಂತ ನಾನು ಅಂತೀನಿ, ಇವತ್ತು ಯಾರೋ ಬಸ್ಸಿನ ಬಾಗಿಲು ತೆಗೆದು ಆ ಹೆಸರು ಕೂಗಿದ್ದಾರೆ, ಹೋಗದೆ ಇರ್ತಾರಾ ಎಂದರು. ದೊಕ್ಸು ಅವರು, ಅಲ್ಲಿ ಯಾರೂ ಇಲ್ಲ, ಮಾವಂದಿರೆಲ್ಲ ತೀರಿಕೊಂಡು ಎಷ್ಟೋ ವರ್ಷವಾಯಿತು, ಮನೆಯೂ ಬಿದ್ದುಹೋಗಿದೆ ಎಂದರು. ಬಸ್ಸು ಯೆಮಿಯಲ್ಲಿ ನಿಂತು ಅಜ್ಜಿಯನ್ನು ಇಳಿಸಿ ಹೋದರೆ, ಗುಡ್ಡದ ನಡುವಿನ ಆ ಊರಲ್ಲಿ, ಕೋಟಿಲ್ಲದೆ, ಇಲ್ಲದ ಮನೆಯನ್ನು ಹುಡುಕುತ್ತ ನಡೆಯುತ್ತಾರೆ.

ವ್ಯವಸ್ಥಾಪಕರು ಹನ್ನೊಂದರ ಮದುವೆಯ ಹೆಣ್ಣಿನ ತಂದೆಗೆ ಫೋನ್ ಮಾಡಿ ಡ್ರೈವರ್ ನಂಬರು ತೆಗೆದುಕೊಟ್ಟರು. 2-38ಕ್ಕೆ ಮೇಡಂ ಅವನಿಗೆ ಫೋನ್ ಹಚ್ಚಿದರು. ಎಲ್ಲರಿಗೂ ಕೇಳುವಂತೆ ಇಟ್ಟಿದ್ದರು. ಒಳಗೆ ಹಾಡು, ಚಪ್ಪಾಳೆ, ಬಸ್ಸು ನಡುಗುವಷ್ಟು ಗದ್ದಲ. ಬಸ್ಸನ್ನು ಬದಿಗೆ ಹಾಕಲು ಮೇಡಂ ಹೇಳಿದರು. ಯೆಮಿ ದಾಟಿದ್ದೀರಾ ಎಂದು ಕೇಳಿದ್ದಕ್ಕೆ ಅವನು, 'ಇಲ್ಲ ಮೇಡಂ, ವಿಶ್ರಾಂತಿ ಜಾಗದಲ್ಲಿ ಈ ಹಿರಿಯರು ಕುಣಿಯೋಕೆ ಇಳಿದು ತಡ ಮಾಡಿದ್ರು. ಇನ್ನು ಹತ್ತು ನಿಮಿಷ. ಅಲ್ಲಿ ನಾಲ್ಕು ಜನ ಇಳೀತಾರೆ' ಎಂದ. ಪಿ ಒಕ್ಬುನ್ ಎಂಬ ಅಜ್ಜಿ ಇದ್ದಾರಾ ಎಂದು ಮೈಕಿನಲ್ಲಿ ಕೇಳಲು ಹೇಳಿದರು. ಅವನು ಕೇಳಿದ. ಯಾರೂ ಓಗೊಡಲಿಲ್ಲ. 'ಇಲ್ಲ ಮೇಡಂ, ಎಲ್ಲ ನಮ್ಮೋರೇ. ಬರ್ತಾ ನಲವತ್ತೊಂದು, ಹೋಗ್ತಾ ನಲವತ್ತೊಂದು, ನಾನೇ ತಲೆ ಎಣಿಸಿದ್ದೀನಿ' ಎಂದ. ಅವರಲ್ಲಿ ಒಬ್ಬ ಹುಡುಗ ಗೆಳೆಯರ ಕಾರಿನಲ್ಲಿ ಸಿಯೋಲ್‌ಗೆ ಹೋಗಿದ್ದ ವಿಷಯ ಅವನಿಗೆ ಆಗ ಗೊತ್ತಿರಲಿಲ್ಲ.

ಮೇಡಂ ಫೋನ್ ಇಡುವುದರಲ್ಲಿದ್ದರು. ಚುನ್‌ಹ್ವಾ ಕೈ ಚಾಚಿ, ಒಂದು ಸಲ ನನಗೆ ಕೊಡಿ ಎಂದು ಕೇಳಿದರು. ದೊಕ್ಸು ಏನೋ ಹೇಳಹೋದರು, ಮದುಮಗ ಅವರ ತೋಳು ಹಿಡಿದು ತಡೆದ. ಚುನ್‌ಹ್ವಾ ಹೇಳಿದ್ದು, 'ಆ ಹೆಸರಿಗೆ ಅವರು ಓಗೊಡೋದು ನಿಲ್ಲಿಸಿ ಎರಡು ವರ್ಷ ಆಯ್ತು.' ಆಮೇಲೆ ಡ್ರೈವರಿಗೆ, ಹಾಡು ನಿಲ್ಲಿಸಿ ಫೋನನ್ನು ಮೈಕಿನ ಬಾಯಿಗೆ ಹಿಡಿಯಪ್ಪ ಎಂದರು. ಗದ್ದಲ ನಿಂತಿತು. ಚುನ್‌ಹ್ವಾ ಅಂಗಳದಾಚೆಯಿಂದ ನೆರೆಮನೆಯವಳನ್ನು ತವರೂರಿನ ಹೆಸರಿಟ್ಟು ಕರೆಯುವ ಹಾಗೆ ದನಿ ಎತ್ತಿ, 'ಯೆಮಿಯಕ್ಕಾ, ಮೆಣಸಿನಕಾಯಿ ಎತ್ತಿಟ್ರಾ? ಮೋಡ ಕಟ್ತಾ ಇದೆ' ಎಂದರು.

ಆಮೇಲೆ ದೂರದಿಂದ, ಬಸ್ಸಿನ ಹಿಂದಿನ ಸೀಟಿನಿಂದ ಎಂದು ಕಾಣುತ್ತದೆ, ಒಂದು ಮುದಿ ದನಿ ಬಂತು. 'ಆಗ್ಲೇ ಎತ್ತಿಟ್ಟೆ ಕಣೇ. ನೀನೆಲ್ಲಿದ್ದೀ? ಬಸ್ಸು ಹೊರಟೇ ಹೋಯ್ತಲ್ಲ.'

ದೊಕ್ಸು ಅವರು ವಾಹನ ನಿಲ್ಲಿಸುವ ಆ ಜಾಗದಲ್ಲೇ, ಮದುವೆಯ ಕರಿ ಕೋಟಿನಲ್ಲೇ, ನೆಲದ ಮೇಲೆ ಕೂತರು. ಮದುಮಗಳು ಚುನ್‌ಹ್ವಾರನ್ನು ಹಿಂದಿನಿಂದ ತಬ್ಬಿಕೊಂಡಳು. ಯೊಮ್ ಅವರು ಕಾವಲುಗಾರರ ಕೈ ಹಿಡಿದು ಕುಲುಕುತ್ತಿದ್ದರು, ಯಾಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಚುನ್‌ಹ್ವಾ ಮಾತ್ರ ಫೋನು ಬಿಡದೆ, 'ಕಿಟಕಿ ಪಕ್ಕ ಕೂತಿದ್ದೀರಾ? ಗಾಳಿ ಬಡೀತಿದ್ಯಾ? ಯೆಮಿಯಲ್ಲೇ ಇರಿ, ಬೇರೆ ಕಡೆ ಹೋಗ್ಬೇಡಿ, ನಾನೂ ಬರ್ತೀನಿ' ಎಂದು ಹೇಳುತ್ತಲೇ ಇದ್ದರು. ಯೆಮಿಯಲ್ಲಿ ಇಳಿಯುವ ನಾಲ್ವರಲ್ಲಿ ಒಬ್ಬ ಹೆಂಗಸು ಫೋನಿಗೆ ಬಂದು, ನಾವು ಇವರನ್ನು ಹುಡುಗನ ಕಡೆಯ ಸೋದರತ್ತೆ ಅಂದುಕೊಂಡಿದ್ದೆವು, ನಮಗಿಂತ ಚೆನ್ನಾಗಿ ಹಾಡುತ್ತಾರೆ, ನೀವು ಬರುವವರೆಗೆ ಊರಿನ ಸಮುದಾಯ ಭವನದಲ್ಲಿ ಬೆಚ್ಚಗೆ ಕೂರಿಸಿಕೊಂಡಿರುತ್ತೇವೆ ಎಂದು ಹೇಳಿದರು.

ಇನ್ನು ದೂರಿನ ವಿಷಯ. ಅಜ್ಜಿ ಸಿಕ್ಕಿದರೂ ದೂರು ಹಾಗೇ ಇತ್ತು. ದೂರು ಬರೆದುಕೊಂಡಿದ್ದೇನೆ ಅಂದಮೇಲೆ ಚುನ್‌ಹ್ವಾ ಅವರನ್ನು ಠಾಣೆಗೆ ಕರೆಸಲೇಬೇಕಾಗುತ್ತದೆ ಎಂದು ಮೇಡಂ ಹೇಳಿದರು. ಆಗ ನಾನು, ನಾಲ್ಕೂ ಕ್ಯಾಮೆರಾ ಕೂರಿಸಿ ಆಗಿದೆ, ಎರಡನೆಯದನ್ನು ಇನ್ನೊಂದು ಸಲ ಪೂರ್ತಿ ನೋಡಿ ಎಂದೆ. ಕಂಪ್ಯೂಟರನ್ನು ಕೆಳಗೆ ತಂದು ಮೇಡಂ ಅವರ ಕಾರಿನ ಮೇಲೇ ಇಟ್ಟು ಹಚ್ಚಿದೆ. ದೊಕ್ಸು ಅವರೂ ಎದ್ದು ಬಂದು ನಿಂತರು. ಅದರಲ್ಲಿ ಕಾಣುವುದು ಹೀಗಿದೆ. ಗೆಳೆಯರು ಹಾಡಲು ಏಳುವ ಹೊತ್ತಿಗೆ ದೊಕ್ಸು ಎರಡನೇ ಸಾಲಿಗೆ ಬಂದು ಚುನ್‌ಹ್ವಾರ ಹೆಗಲು ತಟ್ಟಿ ಬಾಗಿಲ ಕಡೆ ಕೈ ತೋರಿಸುತ್ತಾರೆ. ಚುನ್‌ಹ್ವಾ ಅಜ್ಜಿಯನ್ನು ಏಳಿಸಹೋಗುತ್ತಾರೆ. ದೊಕ್ಸು ಬೇಡವೆಂದು ಕೈಯಾಡಿಸಿ, ತಾವೇ ಚುನ್‌ಹ್ವಾರ ಕುರ್ಚಿಯಲ್ಲಿ ಕೂತು ತಾಯಿಯ ಕೈಯನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಚುನ್‌ಹ್ವಾ ಇಬ್ಬರಿಗೂ ತಲೆಬಾಗಿ ಹೋಗುತ್ತಾರೆ. ನಾಲ್ಕು ನಿಮಿಷ ತಾಯಿ ಮಗ ಹಾಗೇ ಕೂತಿರುತ್ತಾರೆ, ಮಗ ತಾಯಿಗೆ ಏನೋ ಹೇಳಿ ನಗಿಸುತ್ತಾರೆ. ಆಮೇಲೆ ಫೋನು ತೆಗೆದು ನೋಡಿ, ತಾಯಿಯ ಕೈಯನ್ನು ಮೆಲ್ಲನೆ ಕೆಳಗಿಟ್ಟು ಎದ್ದುಹೋಗುತ್ತಾರೆ. ಇದೆಲ್ಲ ಎಷ್ಟು ಹೊತ್ತಿಗೆ ಎಂಬುದರ ವಿವರವನ್ನು ಚಿತ್ರಗಳ ಜೊತೆ ಬೇರೆಯಾಗಿ ಕೊಟ್ಟಿದ್ದೇನೆ.

ದೊಕ್ಸು ಅವರು ಸುಳ್ಳು ಹೇಳಿದರೆಂದು ನನಗೆ ಅನ್ನಿಸಲಿಲ್ಲ. ತಾವು ಕೂತಿದ್ದುದೇ ಅವರ ನೆನಪಿನಿಂದ ಹಾರಿಹೋಗಿತ್ತು, ಹೆದರಿಕೆ ಅದನ್ನು ಅಳಿಸಿತ್ತು. ಚಿತ್ರ ಮುಗಿದ ಮೇಲೆ ಅವರು ಇನ್ನೊಮ್ಮೆ ಹಾಕು ಎಂದರು. ಹಾಕಿದೆ. ಆಮೇಲೆ ಮೇಡಂಗೆ, 'ಕೂತಿದ್ದೂ ನಾನೇ, ಎದ್ದು ಹೋದದ್ದೂ ನಾನೇ. ನಾನು ಹೇಳಿದ್ದನ್ನ ಹೊಡೆದುಹಾಕಿ' ಎಂದರು. ಒಡಹುಟ್ಟಿದ ತಮ್ಮ, ತಂಗಿಯರು, ಮದುಮಕ್ಕಳು, ಊರಿನವರು ಎಲ್ಲರೂ ನೋಡುತ್ತಿರುವಾಗ ಚುನ್‌ಹ್ವಾರ ಮುಂದೆ ಹೋಗಿ ಸೊಂಟ ಪೂರ್ತಿ ಬಗ್ಗಿಸಿ ನಿಂತರು. ಬಹಳ ಹೊತ್ತು ಏಳಲಿಲ್ಲ. ಚುನ್‌ಹ್ವಾ ಹಿಂದೆ ಸರಿದು, 'ಏಳಿ ಯಜಮಾನ್ರೇ, ಬೆನ್ನು ಹಿಡ್ಕೊಂಡ್ರೆ ನಿಮ್ಮನ್ನೂ ನಾನೇ ನೋಡ್ಕೋಬೇಕು' ಎಂದರು. ಅವರ ಬಾಯಿಂದ ಒಂದು ತಮಾಷೆಯ ಮಾತು ಬಂದದ್ದನ್ನು ಆ ದಿನ ನಾನು ಕೇಳಿದ್ದು ಅದೊಂದೇ.

ಯೆಮಿ ಹೇಗೂ ಅವರ ಊರಿನ ದಿಕ್ಕಿಗೇ ಇದೆ. ಪೊಲೀಸರ ಗಾಡಿ ಅಜ್ಜಿಯನ್ನು ಕರೆತರುವುದು ಬೇಡ, ನಾವೆಲ್ಲ ನಮ್ಮ ಬಸ್ಸಿನ ಸಮೇತ ಅಲ್ಲಿಗೇ ಹೋಗುತ್ತೇವೆ ಎಂದು ಮದುಮಗಳು ಹೇಳಿದಳು. ಮಧುಚಂದ್ರಕ್ಕೆ ಹೊರಡುವುದು ಮರುದಿನವಿತ್ತು. ಉಳಿದಿದ್ದ ಅಕ್ಕಿಯ ಕಡುಬು, ಹಣ್ಣು ಎಲ್ಲ ಡಬ್ಬಿಗೆ ತುಂಬಿಕೊಂಡರು. ನನ್ನ ಕೆಲಸ ಅಲ್ಲಿಗೇ ಮುಗಿದಿತ್ತು, ಆದರೆ ಯೊಮ್ ಅವರು ಕೇಳದೆ ಕ್ಯಾಮೆರಾಗಳನ್ನು ಆ ಬಸ್ಸಿಗೆ ಹೇರಿಬಿಟ್ಟಿದ್ದರು. ನಾನೂ ಹತ್ತಿದೆ.

ಬೆಳಕು ಇಳಿಯುವ ಮೊದಲೇ ಯೆಮಿ ತಲುಪಿದೆವು. ಸಮುದಾಯ ಭವನದ ಬೆಚ್ಚನೆಯ ನೆಲದ ಮೇಲೆ ಒಕ್ಬುನ್ ಅಜ್ಜಿ ಯಾರದೋ ಕೆಂಪು ಹತ್ತಿಕೋಟು ಹಾಕಿಕೊಂಡು, ನಾಲ್ಕೈದು ಮುದುಕಿಯರ ನಡುವೆ ಕಾಲು ಚಾಚಿ ಕೂತಿದ್ದರು. ಅವರಲ್ಲಿ ಒಬ್ಬರು, 92 ವರ್ಷದವರು, ಅಜ್ಜಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, 'ಗಿರಣಿ ಮನೆಯ ಒಕ್ಬುನ್ ಅಲ್ವೇನೆ ಇವಳು' ಎಂದು ಆಗಲೇ ಗುರುತಿಸಿಬಿಟ್ಟಿದ್ದರು. ಇಬ್ಬರೂ ಚಿಕ್ಕಂದಿನಲ್ಲಿ ಒಂದೇ ಹೊಳೆಯಲ್ಲಿ ಬಟ್ಟೆ ಒಗೆದವರಂತೆ. ಆ ಊರಲ್ಲಿ ತಮ್ಮವರು ಯಾರೂ ಉಳಿದಿಲ್ಲವೆಂದು ದೊಕ್ಸು ಹೇಳಿದ್ದು ತಪ್ಪಾಗಿತ್ತು, ಮತ್ತು ಆ ತಪ್ಪಿಗೆ ಅವರಷ್ಟು ಸಂತೋಷಪಟ್ಟವರನ್ನು ನಾನು ಕಂಡಿಲ್ಲ.

ಅಜ್ಜಿ ಮೊದಲು ಚುನ್‌ಹ್ವಾರನ್ನು ನೋಡಿ, ಎಷ್ಟು ತಡ ಮಾಡಿದೆ ಎಂದು ಗದರಿದರು. ಆಮೇಲೆ ಮದುಮಗಳನ್ನು ನೋಡಿದರು. ಅವಳು ಯಾರೆಂದು ಅವರಿಗೆ ತಿಳಿಯಿತೋ ಇಲ್ಲವೋ ಹೇಳಲಾರೆ. ಅವಳ ಕೈ ಹಿಡಿದು ಆ ಮುದುಕಿಯರಿಗೆಲ್ಲ ತೋರಿಸುತ್ತ, 'ನೋಡ್ರೇ, ನನ್ನ ತವರಿಗೆ ಹೊಸ ಸೊಸೆ ಬಂದಿದ್ದಾಳೆ' ಎಂದರು. ಹುಡುಗಿ ಅಲ್ಲೇ ನೆಲಕ್ಕೆ ಹಣೆ ಮುಟ್ಟಿಸಿ ದೊಡ್ಡ ನಮಸ್ಕಾರ ಮಾಡಿದಳು. ಮದುಮಗನೂ ಮಾಡಿದ. ಭವನದ ಅಂಗಳದಲ್ಲಿ ಯೊಮ್ ಅವರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆದರು. ಜೊಂಗ್‌ಸೊನ್‌ನವರು, ಯೆಮಿಯವರು, ತೆಬೆಕ್ ಬಸ್ಸಿನಿಂದ ಇಳಿದ ನಾಲ್ವರು, ಎಲ್ಲರೂ ಇದ್ದಾರೆ. ಚುನ್‌ಹ್ವಾ ಪಕ್ಕಕ್ಕೆ ಸರಿದು ನಿಂತಿದ್ದರು. ದೊಕ್ಸು ಹೋಗಿ ತೋಳು ಹಿಡಿದು ಕರೆತಂದು ತಮ್ಮ ತಾಯಿಯ ಬಲಕ್ಕೆ ನಿಲ್ಲಿಸಿದರು.

ಸದರಿ ಮೂರು ಕ್ಯಾಮೆರಾಗಳ ಮೂಲ ಚಿತ್ರಗಳನ್ನು, ಭವನದ ಕಾವಲು ಕ್ಯಾಮೆರಾದ ಪ್ರತಿಯನ್ನು, ಅವು ನಾಲ್ಕನ್ನೂ ಒಂದೇ ಹೊತ್ತಿಗೆ ಹೊಂದಿಸಿದ ಕಡತವನ್ನು ಈ ದಿನ ಠಾಣೆಗೆ ಒಪ್ಪಿಸಿದ್ದೇನೆ. ನಾನು ಯಾವುದನ್ನೂ ಕತ್ತರಿಸಿಲ್ಲ, ಸೇರಿಸಿಲ್ಲ.

ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದ್ದಕ್ಕೆ ಹೇಳುತ್ತೇನೆ. ಮಾ ದೊಕ್ಸು ಅವರು ದೂರನ್ನು ಹಿಂದಕ್ಕೆ ಪಡೆದಿದ್ದಾರೆ, ಆದ್ದರಿಂದ ನನ್ನ ಹೇಳಿಕೆಯ ಅಗತ್ಯವಿಲ್ಲ ಎಂದು ನಿನ್ನೆ ಫೋನಿನಲ್ಲಿ ಒಬ್ಬರು ತಿಳಿಸಿದರು. ಅಗತ್ಯವಿದೆ ಎಂದು ನಾನೇ ಬಂದಿದ್ದೇನೆ. ಹೊ ಚುನ್‌ಹ್ವಾ ಎಂಬ ಹೆಸರಿನ ಎದುರು, ವೃದ್ಧೆಯನ್ನು ಬಿಟ್ಟುಹೋದಳು ಎಂದು ಒಂದು ಸಾಲನ್ನು ಈ ಠಾಣೆಯಲ್ಲಿ ಒಮ್ಮೆ ಬರೆಯಲಾಗಿದೆ. ಮುಂದೆ ಯಾರಾದರೂ, ವೀಸಾ ಕಚೇರಿಯವರಾಗಲಿ ಬೇರೆಯವರಾಗಲಿ, ಆ ಸಾಲನ್ನು ತೆರೆದು ಓದಿದರೆ, ಅದರ ಕೆಳಗೇ ಇದನ್ನೂ ಓದಬೇಕು: ನಲವತ್ತೊಂದು ಜನರ ಗದ್ದಲದ ನಡುವೆ ಒಕ್ಬುನ್ ಅಜ್ಜಿಯನ್ನು ಕರೆದು ಓಗೊಡಿಸಿದವರು ಹೊ ಚುನ್‌ಹ್ವಾ. ಹಾಗೆ ಸೇರಿಸುವುದಾಗಿ ಸೊನ್ ಮೇಡಂ ಒಪ್ಪಿ, ನನ್ನೆದುರಿಗೇ ಆ ಕಡತದಲ್ಲಿ ಸೇರಿಸಿದರು. ಅದನ್ನು ನಾನು ಓದಿ ನೋಡಿದೆ.

ಮೇಲೆ ಬರೆದಿರುವುದನ್ನು ನನಗೆ ಓದಿ ಕೇಳಿಸಲಾಯಿತು. ನಾನು ಹೇಳಿದಂತೆಯೇ ಇದೆ, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದೇನೆ, ಇದಕ್ಕೆ ನಾನೇ ಹೊಣೆ.

ಸ್ಥಳ: ವೊಂಜು
ದಿನಾಂಕ: 24-11-2025
ಸಹಿ: ತಾಕ್ ಬೊರಾಮ್